ನನ್ನ ಹೆಸರಿನ ಇನ್ನೊಂದು ಕಾರು

ನಾನು ಒಂದು ಕಾರು. ಬರೀ ಕಾರು ಅಂದರೆ ನನಗೆ ಸಿಟ್ಟು ಬರುತ್ತದೆ, ವಿನ್‌ಫರ್ಡ್ ಕಾರು ಅನ್ನಬೇಕು. ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಹನ್ನೊಂದು ಜನ ಐದು ತಿಂಗಳು ಬಡಿದು, ಉಜ್ಜಿ, ಹೊಲಿದು ನನ್ನನ್ನು ಹುಟ್ಟಿಸಿದರು. ನನ್ನ ಮೂಗಿನ ತುದಿಗೆ ಕಂಪನಿಯ ಗುರುತಾದ ಬೆಳ್ಳಿ ಬಣ್ಣದ ಕೊಕ್ಕರೆಯೊಂದನ್ನು ಕೂರಿಸಿದ ಮುದುಕ, ಅದನ್ನು ತನ್ನ ಅಂಗಿಯ ತೋಳಿನಿಂದ ಒರೆಸಿ ಕಳುಹಿಸಿದ.

ಹಡಗಿನಲ್ಲಿ ಮುಂಬಯಿಗೆ ಬಂದೆ. ತರಿಸಿಕೊಂಡ ಹತ್ತಿ ದಲ್ಲಾಳಿಗೆ ನನಗಿಂತ ರೇಸಿನ ಕುದುರೆಗಳ ಮೇಲೆ ಪ್ರೀತಿ. ಆರು ವರ್ಷಕ್ಕೆ ಕೈಬಿಟ್ಟ. ದಾವಣಗೆರೆಯ ಗಿರಣಿ ಮಾಲೀಕರಾದ ಮುರಿಗೆಪ್ಪನವರು ನನ್ನನ್ನು ಕೊಂಡು, ಡ್ರೈವರ್ ಹಾಲೇಶಪ್ಪನ ಕೈಗೆ ಒಪ್ಪಿಸಿದರು.

ಹಾಲೇಶಪ್ಪ ಮೊದಲ ದಿನವೇ ನನ್ನ ಬಾನೆಟ್ಟಿಗೆ ಕಿವಿ ಇಟ್ಟು ಕೇಳಿದ. ಯಾವ ಸದ್ದು ಸುಖದ್ದು, ಯಾವುದು ನೋವಿನದು ಎಂದು ಅವನಿಗೆ ತಿಳಿಯುತ್ತಿತ್ತು. ನನ್ನ ಮೂಗು ಉದ್ದ, ಕನ್ನಡಿ ಚಿಕ್ಕದು. ಹಾಗಾಗಿ ಇಕ್ಕಟ್ಟಾದ ಕಡೆ ಅವನು ಬಲಗೈಯಿಂದ ಬಾಗಿಲು ತೆಗೆದು, ಅರ್ಧ ಮೈ ಹೊರಗೆ ಬಾಗಿಸಿ, ಮುಂದಿನ ಚಕ್ರ ನೋಡಿಕೊಂಡು ಓಡಿಸುತ್ತಿದ್ದ. ಚೌಕಿಪೇಟೆಯ ಸಂದಿಗಳಲ್ಲಿ ಮೂವತ್ತೊಂದು ವರ್ಷ ಓಡಾಡಿದರೂ ನನ್ನ ಮೈಗೆ ಒಂದು ಗೀರು ಬಿದ್ದಿಲ್ಲ. ಮುರಿಗೆಪ್ಪನವರ ಮಗಳು ಸುಮಂಗಲಾ ಶಾಲೆಗೆ ಹೋಗಿದ್ದು ನನ್ನಲ್ಲೇ.

ಮುರಿಗೆಪ್ಪನವರು ಲಿಂಗೈಕ್ಯರಾದ ಮೇಲೆ ಗಿರಣಿ ಸುಮಂಗಲಾ ಕೈಗೆ ಬಂತು. ಅಷ್ಟರಲ್ಲಿ ನನ್ನ ತವರಿನ ಸುದ್ದಿಯೂ ಬಂತು. ಹಾಲೇಶಪ್ಪ ಪೇಪರ್ ಓದಿ ಕಾವಲುಗಾರನಿಗೆ ಹೇಳಿದ: "ವಿನ್‌ಫರ್ಡ್ ಕಂಪನಿನ ಯಾರೋ ಬ್ಯಾರೆ ದೇಶದೋರು ತಗಂಡ್ರಂತೆ. ಹೆಸರು ಮಾತ್ರ ಅದೇ ಇಟ್ಕಂತಾರಂತೆ."

ಆ ಹೆಸರಿಗಾಗಿಯೇ ಸುಮಂಗಲಾ ಹೊಸ ವಿನ್‌ಫರ್ಡ್ ಕಾರನ್ನು ತಂದಳು. "ಅಪ್ಪಾಜಿ ಇಷ್ಟಪಟ್ಟ ಹೆಸರು" ಎಂದಳು.

ಹೆಸರು ನನ್ನದು, ಕರುಳು ಯಾರದೋ. ಅದಕ್ಕೆ ಸದ್ದಿಲ್ಲ, ಹೊಗೆಯಿಲ್ಲ. ಸೀಟು ಬೆನ್ನು ತಿಕ್ಕುತ್ತದೆ. ಕೊಕ್ಕರೆ ಮೂಗಿನ ಮೇಲೆ, ಚಕ್ರಗಳ ನಡುವೆ, ಬಾಗಿಲು ತೆಗೆದರೆ ನೆಲದ ಮೇಲೆ ಬೀಳುವ ಬೆಳಕಿನಲ್ಲೂ. ಮನೆತನ ಇಲ್ಲದವರಿಗೇ ಮನೆತನ ಹೇಳಿಕೊಳ್ಳುವ ಚಪಲ ಹೆಚ್ಚು. ನನಗೆ ಪೆಟ್ರೋಲು ಹಾಕದೆ ಆರು ತಿಂಗಳಾಗಿತ್ತು, ಆದರೂ ಹೊಟ್ಟೆ ಉರಿಯಿತು. ಅದರ ಬಣ್ಣಕ್ಕಲ್ಲ, ಬೆಲೆಗಲ್ಲ. ಹಾಲೇಶಪ್ಪ ಅದರೊಳಗೆ ಹೋಗಿ ಕೂತನಲ್ಲ, ಅದಕ್ಕೆ.

ಆಯುಧಪೂಜೆ ಬಂತು. ಗಿರಣಿಯವರೆಲ್ಲ ಅಂಗಳದಲ್ಲಿ ಸೇರಿದ್ದರು. ನನಗೊಂದು ಸಣ್ಣ ಹಾರ, ಅದಕ್ಕೆ ಆಳೆತ್ತರದ್ದು. ಅದರ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಹಾಲೇಶಪ್ಪ ಆ ಕಾರನ್ನು ಒಂದು ಗೇಣು ಸರಿಸಿ, ಹಣ್ಣು ನೋಡಲು ಎಂದಿನಂತೆ ಬಾಗಿಲು ತೆಗೆದು ಬಾಗಿದ. ಕಾರು ಗಕ್ಕನೆ ನಿಂತಿತು. ಹಣ್ಣು ಹಾಗೇ ಇತ್ತು.

ಕಾರಿನ ಜೊತೆ ಷೋರೂಮಿನಿಂದ ಬಂದಿದ್ದ ಚೇತನ್ ಹೇಳಿದ: "ಅಜ್ಜಾರೆ, ಬಾಗ್ಲು ತೆಗೆದ್ರೆ ಈ ಗಾಡಿ ತಾನೇ ನಿಂತ್ಬಿಡುತ್ತೆ. ಹಾಕ್ಕಂಡೇ ಓಡಿಸ್ರಿ."

ಹಾಲೇಶಪ್ಪ ತಲೆಯಾಡಿಸಿ ಬಾಗಿಲು ಹಾಕಿಕೊಂಡ. ಆದರೆ ಚಕ್ರ ಉರುಳುತ್ತಲೇ ಬಲಗೈ ತಾನಾಗಿ ಬಾಗಿಲು ತೆಗೆಯಿತು. ಮತ್ತೆ ನಿಂತಿತು. ಮೂರನೇ ಸಲವೂ ಹಾಗೇ. ಅಪಶಕುನ ಎಂದು ಯಾರೋ ಗೊಣಗಿದರು. ನನಗೆ ಮಾತ್ರ ಹಬ್ಬವೋ ಹಬ್ಬ. ಆ ಚಾಳಿ ನಾನು ಕಲಿಸಿದ್ದು, ಅವನ ಕೈ ಇನ್ನೂ ನನ್ನದೇ ಎಂದು ಬೀಗಿದೆ.

ಕೊನೆಗೆ ಚೇತನ್ ಕೂತು ಹಣ್ಣಿನ ಮೇಲೆ ಗಾಡಿ ಹಾಯಿಸಿದ. ಸುಮಂಗಲಾ ಮೆಲ್ಲಗೆ ಹೇಳಿದಳು: "ಹಾಲೇಶಪ್ಪ, ನಿಮ್ಗೆ ಇದು ಒಗ್ಗಲ್ಲ ಬಿಡ್ರಿ. ಚೇತನ್‌ನೇ ಇಟ್ಕಂತೀನಿ. ನೀವು ಅಪ್ಪಾಜಿ ಕಾರು ಒರೆಸ್ಕಂಡು ಆರಾಮಾಗಿರ್ರಿ."

ಹೀಗೆ ಹಾಲೇಶಪ್ಪ ನನಗೆ ಮರಳಿ ದಕ್ಕಿದ. ನಾನು ಬೇಡಿಕೊಂಡಿದ್ದೂ ಅದನ್ನೇ. ಗಿರಣಿಯ ಹಳೆಯ ಹತ್ತಿ ಗೋದಾಮಿನ ಮೂಲೆಯಲ್ಲಿ ನಾನು, ಕೈಯಲ್ಲಿ ಬಟ್ಟೆ ಹಿಡಿದು ಅವನು. ಒಂದು ವಾರ ಬಹಳ ಖುಷಿಪಟ್ಟೆ. ಆಮೇಲೆ ನೋಡಿದರೆ ಅವನು ಇಸ್ತ್ರಿ ಅಂಗಿ ತೊಡುವುದನ್ನು ಬಿಟ್ಟಿದ್ದ. ಒರೆಸಿದ ಕಡೆಯೇ ಒರೆಸುತ್ತಿದ್ದ. ಆ ಕೈಯಲ್ಲಿ ಜೀವ ಇರಲಿಲ್ಲ.

ಒಂದು ಮಧ್ಯಾಹ್ನ ನನ್ನೊಳಗೆ ಬಂದು ಕೂತ. ಬಾಗಿಲು ಹಾಕಿ, ಬಲಗೈಯನ್ನು ಸ್ಟಿಯರಿಂಗಿಗೆ ಟವೆಲಿನಿಂದ ಕಟ್ಟಿಕೊಂಡ. ಕನ್ನಡಿಯನ್ನೇ ನೋಡುತ್ತಾ, ನನ್ನಲ್ಲಿಲ್ಲದ ಗುಂಡಿಯೊಂದನ್ನು ಎಡಗೈಯಿಂದ ಒತ್ತಿದ. ಮರುದಿನವೂ ಅದೇ. ನನಗೆ ಅರ್ಥವಾಯಿತು. ನನ್ನ ಮಡಿಲಲ್ಲಿ ಕೂತು ಅದನ್ನು ಓಡಿಸಲು ಕಲಿಯುತ್ತಿದ್ದ. ಇದಕ್ಕಿಂತ ಗುಜರಿಯವನ ಸುತ್ತಿಗೆ ವಾಸಿ ಅನ್ನಿಸಿತು.

ತಿಂಗಳಾದ ಮೇಲೆ ಟವೆಲು ಬಿಚ್ಚಿದ. ಕೈ ಬಾಗಿಲಿನ ಕಡೆ ಹೋಗಲಿಲ್ಲ. ಅವತ್ತೇ ಗೋದಾಮಿನ ಮುಂದಿನ ಅಂಗಳದಲ್ಲಿ ಸುಮಂಗಲಾ ಮುಂದೆ ನಿಂತ.

"ಅಮ್ಮಾರೆ, ಒಂದ್ಸಲ ಕೊಟ್ಟು ನೋಡ್ರಿ. ಬಾಗ್ಲು ತೆಗೆಯಲ್ಲ."

"ತೆಗೆದ್ರೆ?"

"ಈ ಜನ್ಮದಾಗೆ ಮತ್ತೆ ಕೇಳಲ್ಲ."

ಅವಳು ತಾನೇ ಹೋಗಿ ಹೊಸ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

ಗೋದಾಮಿನ ಬಾಗಿಲಿನಿಂದ ಕಾಣುವ ಗಿರಣಿಯ ಗೇಟು ಇಕ್ಕಟ್ಟಿನದು, ಎರಡು ಕಡೆಯೂ ಕಲ್ಲುಕಂಬ. ನನ್ನ ಹೊಟ್ಟೆಕಿಚ್ಚು ಇನ್ನೂ ಹೋಗಿಲ್ಲ. ಆ ಕಾರಿಗೆ ಒಳ್ಳೆಯದಾಗಲಿ ಎಂದು ನಾನು ಇವತ್ತಿಗೂ ಹೇಳಲಾರೆ. ಆದರೆ ಅವನು ಕಂಬಗಳ ನಡುವೆ ಹೋದಾಗ, ತೆಗೆಯಬೇಡ ಹಾಲೇಶಪ್ಪ, ತೆಗೆಯಬೇಡ ಎಂದು ಒಳಗೇ ಬೇಡಿಕೊಂಡೆ. ಅದು ಸದ್ದಿಲ್ಲದ ಕಾರು, ಅವನು ಎಷ್ಟು ದೂರ ಹೋದ ಎಂದು ನನಗೆ ತಿಳಿಯಲಿಲ್ಲ. ನಿಲ್ಲಲಿಲ್ಲ ಎಂಬುದಷ್ಟೇ ಗೊತ್ತು.