ಟೇಪ್ ಹಿಡಿದು ಕೇಳಿದ ಪ್ರಶ್ನೆ

ಗೋಲಿನ ಮುಂದೆ ನಿಂತರೆ ಚೆಂಡು ದಾಟುತ್ತಿರಲಿಲ್ಲವೆಂದು ಎಲ್ಲರೂ ಅವಳನ್ನು ಗೋಡೆ ಎಂದೇ ಕರೆಯುತ್ತಿದ್ದರು. ಈಗ ಆ ಗೋಡೆಗೆ ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುವುದಿಲ್ಲ. ಬಲಗೈಯ ತೋರುಬೆರಳು ಕೊಕ್ಕೆಯಂತೆ ಬಾಗಿ ಹಾಗೇ ನಿಂತುಬಿಟ್ಟಿದೆ. ಪಂದ್ಯದ ದಿನ ಬೆಳಿಗ್ಗೆಯೂ ಗುಂಡಿ ಹಾಕಿದ್ದು ಅಮ್ಮನೇ.

“ಅಷ್ಟು ದೊಡ್ಡ ಚೆಂಡು ಹಿಡೀತಿದ್ದೋಳಿಗೆ ಇಷ್ಟು ಸಣ್ಣ ಗುಂಡಿ ಹಿಡಿಯೋಕಾಗಲ್ವಲ್ಲೇ! ಎಲ್ಲಾ ಆ ಪುಣ್ಯಾತ್ಮನ ಕೃಪೆ.”

ಪುಣ್ಯಾತ್ಮ ಎಂದರೆ ಅವಳ ಹಳೆಯ ಕೋಚ್. ಬೆರಳು ಊದಿಕೊಂಡಿದ್ದ ದಿನ ಪಕ್ಕದಲ್ಲಿ ಕೂತು, “ನೋವಿದೆಯೇನಮ್ಮಾ?” ಎಂದು ಕೇಳಿದ್ದ. ಕೇಳುವಾಗಲೇ ಕೈಯಲ್ಲಿ ಬೆರಳಿಗೆ ಸುತ್ತುವ ಟೇಪ್ ಹಿಡಿದಿದ್ದ. ಟೇಪ್ ಹಿಡಿದು ಬಂದವನಿಗೆ ಯಾವ ಹುಡುಗಿ ತಾನೇ ಹೌದೆಂದಾಳು? ಇಲ್ಲ ಎಂದಳು. ಆತ ಮುರಿದ ಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಸುತ್ತಿ, ಒಂದು ಅಳತೆ ದೊಡ್ಡ ಗ್ಲೌಸ್ ತೊಡಿಸಿ ಮೈದಾನಕ್ಕೆ ಕಳಿಸಿದ. ಅಂದಿನಿಂದ ಅವನಿಗೆ ಅವಳು ಹಿಡಿಶಾಪ ಹಾಕದ ದಿನವಿಲ್ಲ.

ಈಗ ಅವಳೇ ಕೋಚ್. ಆದರೆ ಈ ಪಂದ್ಯ ಸೋತರೆ ಕೆಲಸ ಹೋದಂತೆಯೇ. ಕ್ಲಬ್ಬಿನ ಕಾರ್ಯದರ್ಶಿ ಮುಲಾಜಿಲ್ಲದೆ ಹೇಳಿದ್ದ: “ನೋಡಮ್ಮಾ, ಏನೋ ಪಾಪ ಅಂತ ಒಂದು ಅವಕಾಶ ಕೊಟ್ಟಿದ್ದೀವಿ. ಗೆದ್ರೆ ಇರು, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ.” ಚೆಂಡು ಬಿಟ್ಟರೆ ಅವಳಿಗೆ ಇನ್ನೊಂದು ಕಸುಬು ಗೊತ್ತಿರಲಿಲ್ಲ.

ಅವಳ ಗೋಲ್‌ಕೀಪರ್ ಹುಡುಗಿ ಮಾತಿನ ಮಲ್ಲಿ. ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಚಿನಕುರಳಿ ಎಂದು. ಪಂದ್ಯದ ದಿನ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಬಂದಿದ್ದಳು. ಅಭ್ಯಾಸದಲ್ಲಿ ಚೆಂಡನ್ನು ಬೆರಳಿನಿಂದ ಹಿಡಿಯದೆ, ಅಂಗೈಯಿಂದ ನೆಲಕ್ಕೆ ತಟ್ಟಿ ಆಮೇಲೆ ಎದೆಗೆ ಬಾಚಿಕೊಳ್ಳುತ್ತಿದ್ದಳು. ಬೇರೆಯವರಿಗೆ ಅದು ಚುರುಕಿನ ಆಟವಾಗಿ ಕಂಡೀತು. ಬೆರಳಿಗೆ ಪೆಟ್ಟಾದವರು ಹೀಗೆ ಹಿಡಿಯುತ್ತಾರೆಂದು ಗೋಡೆಗೆ ಗೊತ್ತಿತ್ತು. ಬದಲಿ ಕೀಪರ್ ಎಂಬುವಳೋ, ಚೆಂಡು ಬಂದರೆ ಕಣ್ಣು ಮುಚ್ಚುವ ಪೈಕಿ.

ಡ್ರೆಸ್ಸಿಂಗ್ ರೂಮಿನ ಬೆಂಚಿನಲ್ಲಿ ಹುಡುಗಿಯ ಪಕ್ಕ ಕೂತಳು.

“ಬೆರಳು ನೋಯ್ತಿದೆಯಾ?”

“ಇಲ್ಲಕ್ಕಾ.”

ಹುಡುಗಿ ಅವಳ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು. ಗೋಡೆಯೂ ನೋಡಿಕೊಂಡಳು. ಟೇಪಿನ ಸುರುಳಿ ಯಾವಾಗಲೋ ಕೈಗೆ ಬಂದಿತ್ತು. ತುದಿಯನ್ನು ಬಿಡಿಸಿಯೂ ಆಗಿತ್ತು.

ಅದನ್ನು ಚೀಲಕ್ಕೆಸೆದು, ನಿಜ ಹೇಳು ಪುಟ್ಟೀ ಎನ್ನಬಹುದಿತ್ತು. ಎನ್ನಲೇಬೇಕಿತ್ತು. ಎನ್ನಲಿಲ್ಲ. ಬೆರಳಿಗೆ ಬೆರಳು ಸೇರಿಸಿ ಸುತ್ತಿದಳು. ಎಷ್ಟು ಬಿಗಿದರೆ ನೋವು ಮರಗಟ್ಟುತ್ತದೆಂದು ಅವಳಷ್ಟು ಬಲ್ಲವರು ಯಾರಿದ್ದರು? ದೊಡ್ಡ ಅಳತೆಯ ಗ್ಲೌಸ್ ಅವಳ ಚೀಲದಲ್ಲೇ ಇತ್ತು, ತನ್ನದೇ ಹಳೆಯದು.

ಗೆದ್ದರು. ಕೊನೆಗಳಿಗೆಯ ಪೆನಾಲ್ಟಿಯನ್ನು ಚಿನಕುರಳಿ ಆ ಕೈಯಿಂದಲೇ ತಡೆದಳು. ಕಾರ್ಯದರ್ಶಿ ಮುಖ ಊರಗಲ ಮಾಡಿಕೊಂಡು ಓಡಿಬಂದು, “ಇನ್ನು ಈ ಕೆಲಸ ನಿಮ್ದೇ ಮೇಡಂ” ಎಂದ.

ಗೋಡೆ ಒಳಗೆ ಹೋಗಿ ಹುಡುಗಿಯ ಬೆರಳಿನ ಟೇಪ್ ಕತ್ತರಿಸಿದಳು. ಬೆರಳು ನೇರವಾಗಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ತನ್ನ ಕೈಯನ್ನು ಅವಳ ಕೈಯ ಪಕ್ಕದಲ್ಲಿಟ್ಟು ನೋಡಿದಳು. ಕಣ್ಣಲ್ಲಿ ನೀರು, ಮುಖದಲ್ಲಿ ಹಿಗ್ಗು.

“ಥೇಟ್ ನಿಮ್ಮ ಬೆರಳೇ ಅಕ್ಕಾ! ಇನ್ಮೇಲೆ ನಾನೂ ಗೋಡೆನೇ ಅಲ್ವಾ?”

ಹುಡುಗಿ ಶಾಪ ಹಾಕಿದ್ದರೆ ಗೋಡೆ ತಡೆದುಕೊಳ್ಳುತ್ತಿದ್ದಳು. ಬಗ್ಗಿ ಹುಡುಗಿಯ ಶೂ ಬಿಚ್ಚತೊಡಗಿದಳು. ಲೇಸಿನ ಗಂಟು ಬೆವರಿಗೆ ಬಿಗಿದುಕೊಂಡಿತ್ತು. ಹುಡುಗಿಯೂ ಕೈ ಹಾಕಿದಳು. ಇಬ್ಬರಿಂದಲೂ ಅದನ್ನು ಬಿಚ್ಚಲಾಗಲಿಲ್ಲ.