ದಯಾವತಿಗೆ ಬಂದ ವಚನ

"ಏನ್ ಬಂತು? ಲಗೂ ಓದ್ರಿ," ಎಂದು ದಯಾವತಿ ಗಂಡನ ಮುಂದೆ ಚೀಟಿ ಹಿಡಿದಳು. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದಿತ್ತು. ಚರ್ಚಿನ ಬಾಗಿಲಲ್ಲಿ ಎಲ್ಲರೂ ತಟ್ಟೆಯಿಂದ ತಮ್ಮ ತಮ್ಮ ವರ್ಷದ ಬೈಬಲ್ ವಚನದ ಚೀಟಿ ಎತ್ತಿಕೊಳ್ಳುತ್ತಿದ್ದರು. ಅವಳ ಕನ್ನಡಕ ಮನೆಯಲ್ಲೇ ಉಳಿದಿತ್ತು.

ಜಾನ್ಸನ್ ಓದಿ ನಕ್ಕುಬಿಟ್ಟ. "ನನಗ ಆರೋಗ್ಯ ಬಂದೈತಿ. ನಿನಗ ನೋಡು, ಕರ್ತ ಹೇಳದ ಕೇಳದ ಬರ್ತಾನಂತ, ಸಿದ್ಧ ಇರಬೇಕಂತ."

"ನಾ ಯಾವಾಗ ಸಿದ್ಧ ಇದ್ದಿಲ್ರಿ?"

ಅದೂ ಖರೆಯೇ. ಲಕಮನಹಳ್ಳಿಯ ಅವಳ ಮನೆಗೆ ಕರ್ತನೇ ಬಂದರೂ ಕಾಲು ತೊಳೆದುಕೊಂಡು ಒಳಗೆ ಬರಬೇಕು, ಅಷ್ಟು ಚೊಕ್ಕಟ! ಮೂವತ್ತು ವರ್ಷ ಸಂಡೇ ಸ್ಕೂಲಿನ ಮಕ್ಕಳಿಗೆ ಇದೇ ಪಾಠ ಹೇಳಿದವಳು. ಆದರೂ ಮನೆಗೆ ಬಂದು, ಕನ್ನಡಕ ಹಾಕಿಕೊಂಡು, ಚೀಟಿಯನ್ನು ತಾನೇ ಓದಿದಾಗ ಅಂಜಿಕೆ ಹುಟ್ಟಿತು. ಕರ್ತನು ಇವತ್ತೇ ಬಂದು, ನಿನ್ನ ತಂಗಿ ಎಲ್ಲಿ ಎಂದು ಕೇಳಿದರೆ?

ಹನ್ನೊಂದು ವರ್ಷದ ಹಿಂದೆ ತಂಗಿ ಎಸ್ತೇರಳ ಮಗಳು ಜೆಸ್ಲಿನ್, ಗುರುಪಾದ ಎಂಬ ಲಿಂಗಾಯತರ ಹುಡುಗನನ್ನು ಮದುವೆಯಾದಳು. ಉಳಿದವರು ಸುಮ್ಮನಿದ್ದರು. ದಯಾವತಿಯೇ ಸಭಾಪಾಲಕರ ಮುಂದೆ ನಿಂತು, ಇಂಥ ಮದುವೆಗೆ ಒಪ್ಪಿದ ತಾಯಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಕೊಡಬಾರದೆಂದು ಹಟ ಹಿಡಿದು ತಪ್ಪಿಸಿದಳು. ಎಸ್ತೇರ ಮತ್ತೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಒಡಹುಟ್ಟಿದವಳ ಬಾಯಿಯ ತುತ್ತು ಕಸಿದು, ಅದನ್ನೇ ಭಕ್ತಿ ಎಂದುಕೊಂಡಿದ್ದಳು ಪುಣ್ಯಾತಗಿತ್ತಿ.

"ಹುಬ್ಬಳ್ಳಿಗೆ ಹೋಗಿ ಬರ್ತೇನ್ರಿ," ಎಂದಳು.

ಯಾರ ಮನೆಗೆಂದು ಜಾನ್ಸನ್‌ಗೆ ತಿಳಿಯಿತು. "ನಾನೂ ಬರ್ಲೇನು?"

"ಬ್ಯಾಡ್ರಿ. ಗಂಟ ಹಾಕಿದಾಕಿ ನಾನ, ಬಿಚ್ಚಾಕೂ ನಾನ ಹೋಗಬೇಕು."

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಬಾಗಿಲು ತೆರೆದವಳು ಎಸ್ತೇರಳೇ. ತಲೆ ಪೂರಾ ಬೆಳ್ಳಗಾಗಿತ್ತು. ಅಕ್ಕನನ್ನು ಕಂಡು ಚೌಕಟ್ಟಿಗೆ ಕೈ ಅಡ್ಡ ಇಟ್ಟು ನಿಂತಳು. ದಯಾವತಿ ಚೀಟಿ ತೆಗೆದು ತೋರಿಸಿದಳು, ತಪ್ಪಾತು ಎಂದಳು, ಕ್ಷಮಿಸು ಎಂದಳು, ಎಲ್ಲ ಒಂದೇ ಉಸಿರಿಗೆ.

ಎಸ್ತೇರ ಚೀಟಿ ಓದಿ ಮರಳಿ ಕೊಟ್ಟಳು. "ಇದಕ್ಕ ಅಂಜಿ ಬಂದೀ. ನನ್ನ ಸಲುವಾಗಿ ಬಂದಿಲ್ಲ. ಆರೋಗ್ಯದ ವಚನ ಬಂದಿದ್ರ ಇವತ್ತ ಮನ್ಯಾಗ ಕುಂತು ಕೇಕ್ ತಿಂತಿದ್ದಿ."

ಮಾತು ನಾಟಿತು. ದಯಾವತಿ ಚೀಟಿಯನ್ನು ಕೈಚೀಲಕ್ಕೆ ಹಾಕಿದಳು. "ಹೌದು. ಅಂಜೇ ಬಂದೇನಿ."

ಎಂಟು ವರ್ಷದ ಹುಡುಗಿಯೊಬ್ಬಳು ಎಸ್ತೇರಳ ಸೆರಗಿನ ಹಿಂದಿನಿಂದ ಇಣುಕಿದಳು. ಥೇಟ್ ಜೆಸ್ಲಿನ್‌ಳದೇ ಮೂಗು. "ಅಜ್ಜಿ, ಇವ್ರು ಯಾರು?"

"ಅವರನ್ನ ಕೇಳು."

ದಯಾವತಿ ಹುಡುಗಿಯ ಎತ್ತರಕ್ಕೆ ಬಾಗಿದಳು. ನಿನ್ನ ದೊಡ್ಡಜ್ಜಿ ಎನ್ನಲು ಯಾವ ಮುಖ? "ನಿಮ್ಮವ್ವನ ಮದುವಿಗೆ ಬರಲಾರದಾಕಿ ನಾನು."

"ಯಾಕ ಬರಲಿಲ್ರಿ?"

ಸಂಡೇ ಸ್ಕೂಲಿನಲ್ಲಿ ಎಂಥ ಪ್ರಶ್ನೆ ಬಂದರೂ ಅವಳ ನಾಲಿಗೆಯ ಮೇಲೆ ಉತ್ತರ ಇರುತ್ತಿತ್ತು. ಇದಕ್ಕೆ ಖರೆ ಉತ್ತರವೇ ಬೇಕಿತ್ತು.

"ಸೊಕ್ಕು ಇತ್ತವ್ವಾ," ಎಂದಳು. "ಭಾಳ ಸೊಕ್ಕು." ಹೇಳುತ್ತಿದ್ದಂತೆ ಅಳು ಬಂತು, ತಡೆಯಲಾಗಲಿಲ್ಲ.

ಅಡ್ಡ ಇಟ್ಟಿದ್ದ ಕೈ ತೆಗೆದು ಎಸ್ತೇರ ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಆಮೇಲೆ ಸದ್ದು ನಿಂತು ಅವಳ ದನಿ ಬಂತು:

"ಏ ಹುಡುಗಿ, ನಿಮ್ಮ ದೊಡ್ಡಜ್ಜಿನ್ನ ಎಷ್ಟೊತ್ತು ಬಿಸಲಾಗ ನಿಲ್ಲಿಸ್ತೀ?"

ಹುಡುಗಿ ದಯಾವತಿಯ ಕೈಚೀಲ ಇಸಿದುಕೊಂಡು ಮುಂದೆ ನಡೆದಳು.