ಮ್ಯೂರಿಯಲ್ ಥ್ಯಾಂಕ್ಸ್ ಅಂದ ಬೆಳಿಗ್ಗೆ

ಬಲಗಡೆಯ ಮುಂದಿನ ಗಾಲಿ ಕೀಚ್ ಅನ್ನುತ್ತಿದೆ, ಮೂರು ಸುತ್ತಿಗೊಮ್ಮೆ, ಕೀಚ್, ಆಮೇಲೆ ಸುಮ್ಮನೆ, ಮತ್ತೆ ಕೀಚ್ — ನಾಲ್ಕನೇ ಮಹಡಿಯ ಐದು ಗಾಲಿಕುರ್ಚಿಗಳಲ್ಲಿ ಹೀಗೆ ಅಳುವುದು ಇದೊಂದೇ, ಅದೇ ನನ್ನ ಕೈಗೆ ಸಿಗಬೇಕೆ, ಅದರಲ್ಲೂ ಕೂತವರು ಮ್ಯೂರಿಯಲ್ ಬೋಲ್ಡಕ್ ಆದ ಮೇಲೆ ಸದ್ದು ಕೇಳಿಸಿಯೂ ಸುಮ್ಮನಿರುವವರೇ, ಏನು ಹುಡುಗಿ, ಈ ಕುರ್ಚಿನೂ ನಿನ್ನ ಹಾಗೆ ಮೊನ್ನೆ ಮೊನ್ನೆ ಪಾಸಾಗಿದ್ದಾ ಅಂದರು, ನಾನು ನಕ್ಕೆ, ಅವರು ನಗಲಿಲ್ಲ, ಮಡಿಲಲ್ಲಿ ಔಷಧಿಯ ಚೀಲ, ಅದರ ಮೇಲೆ ತಂಗಿ ಐರೀನ್ ತಂದ ಹೂಕುಂಡ, ಕುಂಡವನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ನೆಟ್ಟಗೆ ಕೂತಿದ್ದಾರೆ, ಹಿಂದಿನಿಂದ ನನಗೆ ಕಾಣುವುದು ಅವರ ನೆತ್ತಿ ಮಾತ್ರ, ಬಿಳಿ ಕೂದಲಿನ ನಡುವೆ ಗೆರೆ ಎಳೆದಂಥ ಬೈತಲೆ, ಎಪ್ಪತ್ತೊಂದು ವರ್ಷದ ಬೈತಲೆ, ಇವತ್ತು ಬೆಳಿಗ್ಗೆ ಅದನ್ನು ತೆಗೆದವಳು ನಾನೇ, ಓರೆ ಆಗಿದೆ ಅಂದರು, ಮತ್ತೆ ತೆಗೆದೆ, ಈಗ ಸರಿ ಅನ್ನಲಿಲ್ಲ, ಸುಮ್ಮನಾದರು, ಮ್ಯೂರಿಯಲ್ ಸುಮ್ಮನಾದರೆ ಸರಿ ಇದೆ ಅಂತಲೇ ಅರ್ಥ — ಅಲ್ಲ, ಯಾವಾಗಲೂ ಅಲ್ಲ, ಅದು ಹೋದ ಮಂಗಳವಾರ ಗೊತ್ತಾಯಿತು. ಕೆಳಗೆ ಬಿಟ್ಟು ಬರೋದು ಸಹಾಯಕರ ಕೆಲಸ, ರಿಜಿಸ್ಟರ್ಡ್ ನರ್ಸ್ ಆಗಿ ಕುರ್ಚಿ ತಳ್ತೀಯಲ್ಲ, ಎದೆ ಮೇಲೆ ಅಷ್ಟು ದೊಡ್ಡ ಕೆಂಪಕ್ಷರದ ಬ್ಯಾಡ್ಜ್ ತೂಗುಹಾಕ್ಕೊಂಡು, ಅನ್ನುತ್ತಿದ್ದಾರೆ, ತಳ್ಳೋದು ನಂಗೆ ಚೆನ್ನಾಗಿ ಗೊತ್ತು ಮ್ಯೂರಿಯಲ್, ಹದಿನಾಲ್ಕು ವರ್ಷ ತಳ್ಳಿದೀನಿ, ಅಂದೆ. ಹೌದು, ಹದಿನಾಲ್ಕು ವರ್ಷ, ನದಿಯಾಚೆಯ ಆ ಕ್ಲಿನಿಕ್ಕಿನಲ್ಲಿ ಮೆಡಿಕಲ್ ಅಸಿಸ್ಟೆಂಟ್, ಹೆಸರು ಕೂಗುವುದು, ತೂಕ ನೋಡುವುದು, ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುವುದು, ಬಂದ ಅಂಕಿ ಬರೆಯುವುದು, ಹಾಳೆ ಬದಲಿಸುವುದು, ಮುಂದಿನವರನ್ನು ಕೂಗುವುದು, ಮತ್ತು ಆ ಹದಿನಾಲ್ಕರಲ್ಲಿ ಎಂಟು ವರ್ಷ ನನ್ನ ತಲೆಯ ಮೇಲೆ ಹಿರಿಯ ನರ್ಸ್ ಆಗಿ ಇದ್ದವರು ಈಗ ನನ್ನ ಕೈಯ ಕೆಳಗಿನ ಈ ಬೈತಲೆಯವರು.

ಲಿಫ್ಟ್ ಬರುತ್ತಿಲ್ಲ, ಎರಡರಲ್ಲಿ ನಿಂತಿದೆ, ಗುಂಡಿ ಒತ್ತಿ ಕಾಯುತ್ತಿದ್ದೇನೆ, ಕಿಟಕಿಯಾಚೆ ಏಪ್ರಿಲ್, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಕಪ್ಪಗಾದ ಮಂಜಿನ ಗುಡ್ಡೆ, ರೇನಾಲ್ಡ್ ದಬ್ಬಿ ಒಟ್ಟಿದ್ದೇ ಇರಬಹುದು, ಊರಿನ ಅರ್ಧ ಮಂಜು ನನ್ನ ಗಂಡನ ಗಾಡಿಯೇ ದಬ್ಬಿದ್ದು, ನರ್ಸಿಂಗ್ ಓದಿನ ಕೆಮಿಸ್ಟ್ರಿಯಲ್ಲಿ ಮೊದಲ ಸಲ ಫೇಲಾಗಿ ಬಂದು ಅಡುಗೆಮನೆಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದಾಗ ಅವನು ಬೀನ್ಸ್ ಪಾತ್ರೆ ಒಲೆಯಿಂದ ಇಳಿಸುತ್ತ ಹೇಳಿದ್ದ, ಅಲ್ಲ ಜಿನೆಟ್, ಮಂಜು ಎಷ್ಟು ಸಲ ತೆಗೆದ್ರೂ ಮತ್ತೆ ಬೀಳುತ್ತೆ, ಹಾಗಂತ ನಾನೇನು ಗಾಡಿ ಬಿಟ್ಟು ಮನೇಲಿ ಕೂತಿದೀನಾ, ಕೋಟು ತೆಗಿ, ಊಟ ಮಾಡು. ಒಂದು ವರ್ಷಕ್ಕೆ ಒಂದು ವಿಷಯ, ಕೆಲವು ವರ್ಷ ಅದೂ ಇಲ್ಲ, ಫ್ರಿಜ್ಜಿನ ಬಾಗಿಲ ತುಂಬ ಚೀಟಿಗಳು, ಮೂಳೆಗಳ ಹೆಸರು, ಔಷಧಿಗಳ ಹೆಸರು, ರೇನಾಲ್ಡ್ ಕನ್ನಡಕ ಏರಿಸಿ ಪ್ರಶ್ನೆ ಕೇಳುತ್ತಿದ್ದ, ಹೈಪೋ — ಹೈಪೋ ಏನೋ ಇದು, ನೀನೇ ಓದ್ಕೊಂಡು ನೀನೇ ಹೇಳು, ಸರಿನಾ ತಪ್ಪಾ ಅಂತ ನಿನ್ನ ಮುಖ ನೋಡಿ ಹೇಳ್ತೀನಿ, ಅನ್ನುತ್ತಿದ್ದ, ಹೇಳಿಯೂ ಬಿಡುತ್ತಿದ್ದ, ಒಂದು ಸಲವೂ ತಪ್ಪಿಲ್ಲ. ಹೋದ ಡಿಸೆಂಬರಿನಲ್ಲಿ ನರ್ಸ್ ಪರವಾನಗಿಯ ಪರೀಕ್ಷೆ, ಉತ್ತರ ನೋಡಿಕೊಂಡು ಕಂಪ್ಯೂಟರೇ ನಿಲ್ಲಿಸುವಂಥದ್ದು, ಎಂಬತ್ತೈದನೇ ಪ್ರಶ್ನೆಗೆ ಉತ್ತರ ಒತ್ತಿದ ತಕ್ಷಣ ಕಂಪ್ಯೂಟರ್ ಕಪ್ಪಾಯಿತು, ಅಷ್ಟು ಬೇಗ ಮುಗಿದರೆ ಒಂದೋ ತುಂಬ ಚೆನ್ನಾಗಿ ಮಾಡಿದ್ದೀಯ ಇಲ್ಲವೋ ತುಂಬ ಕೆಟ್ಟದಾಗಿ ಅಂತಾರೆ, ನಾನು ಕೆಟ್ಟದಾಗಿ ಅಂತಲೇ ಅಂದುಕೊಂಡು ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ, ಮೂರನೇ ದಿನ ಫಲಿತಾಂಶ ನೋಡಿದವನು ರೇನಾಲ್ಡ್, ಫ್ರಿಜ್ಜಿನ ಬಾಗಿಲಿಂದ ಚೀಟಿಗಳನ್ನು ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಇಡತೊಡಗಿದ. ನಲವತ್ತಮೂರು ವರ್ಷಕ್ಕೆ ನರ್ಸ್. ಮಂಗಳವಾರಕ್ಕೆ ಇಲ್ಲಿ ಒಂಟಿಯಾಗಿ ರೋಗಿಗಳನ್ನು ನೋಡಲು ಶುರುಮಾಡಿ ಆರು ವಾರವಾಗಿತ್ತು, ಆರೇ ವಾರ.

ಮತ್ತೆ ಆ ಮಂಗಳವಾರ, ಬಿಡೋದೇ ಇಲ್ಲ ಅದು ನನ್ನನ್ನು. ಸೊಂಟದ ಕೀಲು ಬದಲಿಸಿಕೊಂಡು ಮ್ಯೂರಿಯಲ್ ನಾನೂರ ಹನ್ನೆರಡನೇ ಕೋಣೆಗೆ ಬಂದಿದ್ದು ಭಾನುವಾರ, ನನ್ನನ್ನು ನೋಡಿದವರೇ, ದೇವರೇ, ಇವಳಾ ನನಗೆ, ಅಂದರು, ಭಾನುವಾರ ಇಡೀ ದಿನ ಬೈಗುಳ, ಸೂಜಿಯ ಮೇಲಿನ ಪಟ್ಟಿ ಸೊಟ್ಟ, ನೀರಿನ ಲೋಟ ಇಟ್ಟ ಕಡೆ ಸರಿಯಿಲ್ಲ, ಹಾಸಿಗೆಯ ಹೊದಿಕೆ ಮಡಿಸೋದು ಯಾರಮ್ಮ ಕಲಿಸಿದ್ದು ನಿಂಗೆ, ಲಕೋಟೆ ಅಂಟಿಸಿದ ಹಾಗಿರಬೇಕು ಮೂಲೆ, ಸೋಮವಾರವೂ ಅದೇ, ಜೊತೆಯ ನರ್ಸುಗಳು ನನ್ನನ್ನು ನೋಡಿ ಪಾಪ ಅನ್ನುತ್ತಿದ್ದರು, ನನಗೋ ಒಳಗೊಳಗೆ ಹಿತ, ಎಂಟು ವರ್ಷ ಕೇಳಿದ ರೇಡಿಯೋ ಮತ್ತೆ ಹಚ್ಚಿದ ಹಾಗೆ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಮಾತ್ರೆ ತಗೊಂಡು ಹೋದೆ, ಬೇಕೆಂದೇ ನೀರಿನ ಲೋಟ ತಪ್ಪು ಕಡೆಗೆ ಇಟ್ಟೆ, ಅವರು ಅದನ್ನು ನೋಡಿದರು, ಮಾತ್ರೆ ನುಂಗಿದರು, ಥ್ಯಾಂಕ್ಸ್ ಕಣಮ್ಮ ಅಂದರು. ನಾನು ಬಾಗಿಲವರೆಗೆ ಹೋಗಿ ನಿಂತೆ. ಹೇಗಿದೆ ಅಂದೆ, ಸ್ವಲ್ಪ ಸುಸ್ತು ಅಷ್ಟೆ ಅಂದರು, ನಾಡಿ ನೂರನಾಲ್ಕು, ಆಮ್ಲಜನಕ ತೊಂಬತ್ತಮೂರು, ಬಿಪಿ ಸರಿಯಿದೆ, ಜ್ವರ ಇಲ್ಲ, ಉಸಿರು ಒಂಚೂರು ಬೇಗ, ಯಾವುದೂ ಗಾಬರಿ ಬೀಳುವಂಥ ಅಂಕಿಯಲ್ಲ, ಕಾಗದದ ಮೇಲೆ ನೋಡಿದರೆ ಆಪರೇಷನ್ ಆದ ಯಾವ ಮುದುಕಿಯಾದರೂ ಹೀಗೇ ಇರಬಹುದು, ಆದರೆ ಲೋಟ ತಪ್ಪು ಕಡೆಗಿದೆ, ಮ್ಯೂರಿಯಲ್ ಬೋಲ್ಡಕ್ ಥ್ಯಾಂಕ್ಸ್ ಅಂದಿದ್ದಾರೆ. ಡಾಕ್ಟರ್ ವಿಟ್‌ಕಂಬ್‌ಗೆ ಫೋನ್ ಮಾಡಿದೆ, ಹುಡುಗ ಇನ್ನೂ, ನನ್ನ ತಮ್ಮನಿಗಿಂತ ಚಿಕ್ಕವನು, ಒಳ್ಳೆಯವನೇ, ಅಂಕಿ ಹೇಳಿ ಅಂದ, ಹೇಳಿದೆ, ಆಪರೇಷನ್ ಆದ್ಮೇಲೆ ಇದು ಸಾಮಾನ್ಯ, ಸ್ವಲ್ಪ ಆಮ್ಲಜನಕ ಹಚ್ಚಿ, ಹತ್ತು ಗಂಟೆಗೆ ಹೇಗೂ ಬರ್ತೀನಲ್ಲ, ಅಂದ. ಆಗಲಿ ಅನ್ನಬಹುದಿತ್ತು. ಬಾಯಿಗೆ ಬಂದೂ ಬಿಟ್ಟಿತ್ತು, ಆಗಲಿ ಡಾಕ್ಟರ್ — ಹದಿನಾಲ್ಕು ವರ್ಷ ಬಾಯಿಗೆ ರೂಢಿಯಾದ ಮಾತು ಅದು.

ಆಗಲಿ ಅಂದಿದ್ದೆನಲ್ಲ ಒಂದು ಸಲ, ಒಂಬತ್ತು ವರ್ಷದ ಹಿಂದೆ, ಶುಕ್ರವಾರ ಮಧ್ಯಾಹ್ನ, ಕ್ಲಿನಿಕ್ಕಿನ ತುಂಬ ಫ್ಲೂ ಜ್ವರದವರು, ಕೂರಲು ಜಾಗವಿಲ್ಲ, ಆರ್ಮಾಂಡ್ ಟೆರಿಯೊ ಬಿಪಿ ತೋರಿಸಲು ಬಂದಿದ್ದರು, ಬೂಟಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ಚರ್ಮ ಕತ್ತರಿಸಿದವರು, ಬಂದಾಗಲೆಲ್ಲ ಎಡಗೈಯಲ್ಲಿ ಟೊಪ್ಪಿಯನ್ನು ಗೂಟಕ್ಕೆ ಎಸೆದು ಸಿಕ್ಕಿಸಿ ನನ್ನ ಕಡೆ ಕಣ್ಣು ಹೊಡೆಯುವವರು, ಅವತ್ತು ಟೊಪ್ಪಿ ಕೆಳಗೆ ಬಿತ್ತು, ಎತ್ತಿಕೊಟ್ಟೆ, ಮತ್ತೆ ಬಿತ್ತು, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿತ್ತು. ಬಿಪಿ ನೂರೈವತ್ತೆಂಟು, ಅವರಿಗೆ ಅದು ಹೊಸದಲ್ಲ. ಮ್ಯೂರಿಯಲ್ ಹತ್ತಿರ ಹೋಗಿ, ಅವರ ಎಡಗೈ ಏನೋ ಸರಿಯಿಲ್ಲ ಅನ್ಸುತ್ತೆ, ಅಂದೆ. ನಾನು ಕೇಳಿದ್ದು ನಂಬರ್, ಕತೆ ಅಲ್ಲ, ಅಂದರು ತಲೆ ಎತ್ತದೆ, ನೀನು ಅಂಕಿ ತಗೊಂಡು ಬಾ, ಅದರ ಅರ್ಥ ನಾವು ನೋಡ್ಕೋತೀವಿ, ಅನ್ಸುತ್ತೆ ಗಿನ್ಸುತ್ತೆ ಎಲ್ಲ ಹಾಳೆ ಮೇಲೆ ಬರೀಬೇಡ, ಮುಂದಿನವರನ್ನ ಕರಿ. ಆಗಲಿ ಅಂದೆ. ಆರ್ಮಾಂಡ್ ಸೋಮವಾರ ಬನ್ನಿ ಅನ್ನಿಸಿಕೊಂಡು ಮನೆಗೆ ಹೋದರು, ಶನಿವಾರ ಬೆಳಿಗ್ಗೆ ಪಾರ್ಶ್ವವಾಯು, ಬದುಕಿದರು, ಎಡಭಾಗ ಪೂರಾ ಹೋಯಿತು. ಸೋಮವಾರ ಊಟದ ಹೊತ್ತಿನಲ್ಲಿ ಕಾಲೇಜಿಗೆ ಹೋಗಿ ನರ್ಸಿಂಗ್ ಅರ್ಜಿ ತಂದೆ, ಅಷ್ಟೇ. ಒಂದು ಸಲ ಆರ್ಮಾಂಡ್ ಇದ್ದ ಆರೈಕೆ ಮನೆಗೂ ಹೋಗಿದ್ದೆ, ಕೈಯಲ್ಲಿ ಟೂರ್ಟಿಯೆ, ಬಿಸಿ ಮಾಂಸದ ಕಡುಬು, ಕಾರಿಡಾರಿನ ತುದಿಯಿಂದ ಅವರು ಕಿಟಕಿಯ ಹತ್ತಿರ ಕೂತಿದ್ದು ಕಂಡಿತು, ಒಳಗೆ ಹೋಗಲಾಗಲಿಲ್ಲ, ಕಡುಬನ್ನು ಅಲ್ಲಿದ್ದ ಹುಡುಗಿಯ ಕೈಗೆ ಕೊಟ್ಟು ವಾಪಸ್ಸು ಬಂದೆ, ಮತ್ತೆ ಹೋಗಲಿಲ್ಲ, ಒಂಬತ್ತು ವರ್ಷ ಆ ರಸ್ತೆಯಲ್ಲಿ ಕಾರು ಓಡಿಸಿಲ್ಲ. ಹಾಗಾಗಿ ಫೋನಿನಲ್ಲಿ ವಿಟ್‌ಕಂಬ್‌ಗೆ, ನನ್ನ ದನಿ ನನಗೇ ಬೇರೆ ಅನಿಸುವಂತೆ, ಹೇಳಿದೆ — ಅಂಕಿ ಹೇಳಿದ್ದಾಯ್ತು ಡಾಕ್ಟರ್, ಈಗ ಅರ್ಥ ಹೇಳ್ತೀನಿ, ಇದು ಅವರಲ್ಲ, ನಿನ್ನೆ ಇದ್ದ ಹೆಂಗಸಲ್ಲ ಇವರು, ಹತ್ತು ಗಂಟೆಗಲ್ಲ, ಈಗ ಬನ್ನಿ. ಆರು ವಾರದ ನರ್ಸ್, ತಪ್ಪಾದರೆ ಮಹಡಿಗೆಲ್ಲ ನಗೆಪಾಟಲು, ಆದರೂ ಫೋನ್ ಇಡಲಿಲ್ಲ. ಬಂದೆ ಅಂದ. ಬಂದ, ಕಾಲಿನ ಮೀನಖಂಡ ಒತ್ತಿ ನೋಡಿದ, ಮುಖ ಬದಲಾಯಿತು, ಸ್ಕ್ಯಾನಿಗೆ ಓಡಿಸಿದೆವು, ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ರಕ್ತ ತೆಳುಮಾಡುವ ಔಷಧಿ ಹನಿಯತೊಡಗಿದಾಗ ಒಂಬತ್ತೂವರೆ. ನಿಮಗೆ ಹೇಗೆ ಗೊತ್ತಾಯ್ತು ಅಂದ. ಥ್ಯಾಂಕ್ಸ್ ಅಂದರು ಡಾಕ್ಟರ್, ಅಂದೆ. ಅವನು ನನ್ನನ್ನೇ ನೋಡಿದ. ಶುಕ್ರವಾರ ಅವನು ಒಳಗೆ ಬಂದಾಗ ಮ್ಯೂರಿಯಲ್, ಏನಯ್ಯಾ, ಡಾಕ್ಟರ್ ಅಂದ್ಮೇಲೆ ಕೂದಲು ಬಾಚ್ಕೊಳ್ಳೋದು ಕಲಿಸಲಿಲ್ವಾ, ಅಂದರು, ಅವನು ಹೊರಗೆ ಬಂದು ನನ್ನ ಕಿವಿಯಲ್ಲಿ, ಈಗ ಅರ್ಥವಾಯ್ತು ಅಂದ.

ಲಿಫ್ಟ್ ಬಂತು, ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ಎಳೆದುಕೊಂಡೆ, ಬಾಗಿಲು ಮುಚ್ಚಿತು, ಒಳಗೆ ನಾವಿಬ್ಬರೇ, ಹೂಕುಂಡದ ಒದ್ದೆ ಮಣ್ಣಿನ ವಾಸನೆ, ಮೂರು ಅಂತ ತೋರಿಸುತ್ತಿದೆ, ಮ್ಯೂರಿಯಲ್ ಬಾಗಿಲ ಕಡೆಗೇ ನೋಡುತ್ತ, ಅವತ್ತು ಕ್ಲಿನಿಕ್ಕಲ್ಲಿ, ಅಂದರು. ಆರ್ಮಾಂಡ್ ಟೆರಿಯೊ, ಅಂದರು. ನಿಮಗೆ ನೆನಪಿದ್ಯಾ ಅಂದೆ, ಎಂಥ ಪೆದ್ದು ಪ್ರಶ್ನೆ, ಆದರೆ ಬಂದದ್ದು ಅದೇ. ನೆನಪೇನು ಬಂತು, ಪ್ರತಿ ಗುರುವಾರ ಎರಡು ಗಂಟೆಗೆ ಹೋಗ್ತೀನಿ, ಒಂಬತ್ತು ವರ್ಷದಿಂದ, ಕ್ರಿಬೇಜ್ ಇಸ್ಪೀಟು ಆಡ್ತೀವಿ, ಕಳ್ಳ ಅವನು, ಒಂದೇ ಕೈ ಇದ್ರೂ ಎಲೆ ಕದೀತಾನೆ, ಲೆಕ್ಕ ಇಡೋ ಹಲಗೆ ಮೇಲೆ ಕಡ್ಡಿ ಎರಡು ಮನೆ ಮುಂದೆ ಚುಚ್ತಾನೆ, ನಾನು ನೋಡಿದ್ರೂ ನೋಡದ ಹಾಗೆ ಇರ್ತೀನಿ. ಎರಡು. ಇಷ್ಟು ವರ್ಷ ಅವರ ಬಾಯಿ ಮಾತ್ರ ನೋಡಿದ್ದೆ, ಅವರ ಗುರುವಾರಗಳನ್ನು ನೋಡಿರಲಿಲ್ಲ. ಯಾಕೆ ನಂಗೆ ಹೇಳಲಿಲ್ಲ ಅಂದೆ. ಏನಂತ ಹೇಳಲಿ, ನೀನು ಸರಿ ನಾನು ತಪ್ಪು ಅಂತಾನಾ, ಅದು ಅವತ್ತೇ ಇಬ್ರಿಗೂ ಗೊತ್ತಿತ್ತಲ್ಲ, ಅಂದರು, ಆಮೇಲೆ, ಆ ಕಡುಬು ನಿಂದೇ ಅಂತ ಅವನು ಆಗಲೇ ಗುರುತು ಹಿಡಿದಿದ್ದ, ಮುಂದಿನ ಸಲ ಮೆಣಸು ಕಮ್ಮಿ ಹಾಕು ಅಂತ ಹೇಳು ಅಂದಿದ್ದ, ಹೇಳೋಕೆ ಆಗಿರಲಿಲ್ಲ ನಂಗೆ, ಈಗ ಹೇಳ್ತಿದೀನಿ. ಒಂದು. ಬಾಗಿಲು ತೆರೆಯಿತು.

ಹೊರಗೆ ಐರೀನಳ ನೀಲಿ ಕಾರು, ಬಿಸಿಲು, ಕರಗಿದ ಮಂಜಿನ ನೀರು ರಸ್ತೆಯಂಚಿನಲ್ಲಿ ಹರಿಯುತ್ತಿದೆ, ಬ್ರೇಕು ಹಾಕು ಮೊದಲು, ಹಾಕಿದೀನಿ ಮ್ಯೂರಿಯಲ್, ಎರಡೂ ಕಡೆ, ಎರಡೂ ಕಡೆ ಹಾಕಿದೀನಿ, ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ, ಎಷ್ಟು ಹಗುರ ಈ ಹೆಂಗಸು, ಸೀಟಿನಲ್ಲಿ ಕೂರಿಸಿ, ಕಾಲುಗಳನ್ನು ಒಂದೊಂದಾಗಿ ಒಳಗಿಟ್ಟೆ, ಬೆಲ್ಟು ಎಳೆದು ಸಿಕ್ಕಿಸುವಾಗ ಅವರ ಮುಖ ನನ್ನ ಮುಖದ ಹತ್ತಿರ, ಆರು ವಾರ ಕಾರು ಓಡಿಸೋ ಹಾಗಿಲ್ಲ ಅಂತ ಬರೆದಿದೀಯಲ್ಲ ಆ ಕಾಗದದಲ್ಲಿ, ಅಂದರು, ಹೌದು ಅಂದೆ, ಐರೀನ್‌ಗೆ ಇಸ್ಪೀಟು ಬರಲ್ಲ, ಅಂದರು, ನನಗೆ ಗುರುವಾರ ರಜೆ, ಅಂದೆ, ಗೊತ್ತು, ಗೋಡೆ ಮೇಲಿನ ಡ್ಯೂಟಿ ಪಟ್ಟಿ ನೋಡಿದೀನಿ, ಅಂದರು. ಆಮೇಲೆ, ಹಿಂದೆ ಹೊಸ ಹುಡುಗಿಯರಿಗೆ ಪಾಠ ಹೇಳುತ್ತಿದ್ದ ಅದೇ ದನಿಯಲ್ಲಿ, ಎಲೆ ಹಂಚೋಕೆ ಮುಂಚೆ ಅವನ ಎಡಗೈನ ಮಡಿಲಿಂದ ಎತ್ತಿ ಮೇಜಿನ ಮೇಲೆ ಇಡಬೇಕು, ಬೆರಳು ಬಿಡಿಸಿ, ಅಂಗೈ ಕೆಳಗೆ ಮಾಡಿ, ಆಡೋನ ಕೈ ಎರಡೂ ಮೇಲಿರಬೇಕು ಅಂತಾನೆ, ಅದಾದ್ಮೇಲೇ ಎಲೆ, ಗೊತ್ತಾಯ್ತಾ, ಅಂದರು. ಗೊತ್ತಾಯ್ತು. ಕಾರು ಹೊರಟಿತು, ತಿರುವಿನಲ್ಲಿ ಮರೆಯಾಯಿತು, ನಾನು ಖಾಲಿ ಕುರ್ಚಿ ಹಿಡಿದು ನಿಂತಿದ್ದೇನೆ, ಮೇಲೆ ನಾನೂರ ಒಂಬತ್ತರವರಿಗೆ ಹನ್ನೊಂದು ಗಂಟೆಯ ಮಾತ್ರೆ, ಹೋಗಬೇಕು, ಹೋಗುತ್ತೇನೆ, ಗುರುವಾರ ಎರಡು ಗಂಟೆ, ಕಾರಿಡಾರಿನ ತುದಿಯಲ್ಲಿ ನಿಲ್ಲದೆ ಕಿಟಕಿಯವರೆಗೆ ನಡೆದು, ಏನು ಮಾತಾಡಲಿ, ಮಾತು ಆಮೇಲೆ, ಮೊದಲು ಮಡಿಲಿಂದ ಎಡಗೈ, ಬೆಚ್ಚಗಿರುತ್ತದೆ, ಭಾರವಾಗಿರುತ್ತದೆ, ಮಣಿಕಟ್ಟಿನ ಕೆಳಗೆ ನನ್ನ ಅಂಗೈ ಇಟ್ಟು, ಎತ್ತಿ, ಮೇಜಿನ ಮೇಲೆ — ಬೆರಳು ಒಂದೊಂದಾಗಿ ಬಿಡಿಸಿ — ಮೇಜಿನ ಮೇಲೆ ಆ ಎಡಗೈ, ಅಂಗೈ ಕೆಳಗೆ, ಬಿಸಿಲಲ್ಲಿ, ಆ ಎಡಗೈ